ಕಾಲುವೆಯಲ್ಲಿ ಕಾಣದ ನೀರು

ಲೋಹಿತಾ ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದ ಮೇಲೂ ಹಿಂದಿರುಗಿ ಬಂದು ಬೀಗ ಎಳೆದು ನೋಡುವವಳು. ಹೊಳವನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ಅವಳ ಅಪ್ಪ ಗಂಗಾಧರಯ್ಯನವರು ಅದಕ್ಕೆ ಎಂದೂ ನಗಲಿಲ್ಲ. ತಾವೂ ಜೊತೆಗೆ ತಿರುಗಿ ಬರುತ್ತಿದ್ದರು. ಪರಿಸರ ಎಂಜಿನಿಯರಿಂಗ್ ಓದಿ ಶಿರಾ ನಗರಸಭೆಗೆ ಸೇರಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಕೊಳಚೆ ನೀರು ಶುದ್ಧೀಕರಿಸುವ ಹಳೆಯ ಘಟಕವನ್ನು ಎಷ್ಟು ದೊಡ್ಡದು ಮಾಡಬೇಕೆಂದು ಸೋಮವಾರದ ಸಭೆಯಲ್ಲಿ ಅವಳು ಹೇಳಬೇಕಿತ್ತು. ಹೊಸ ಬಡಾವಣೆಗಳು ತುಂಬುತ್ತಿದ್ದವು, ಆದರೆ ಘಟಕದ ಕಾಲುವೆಯಲ್ಲಿ ಅವಳು ಪ್ರತಿದಿನ ಬೆಳಿಗ್ಗೆ ಅಳೆದ ನೀರು ಮಾತ್ರ ಹೆಚ್ಚಾಗಿರಲಿಲ್ಲ. ಅದೇ ಕಾಲುವೆಯ ಗೋಡೆಯಲ್ಲಿ, ಅವಳು ಅಳೆದದ್ದಕ್ಕಿಂತ ಬಹಳ ಮೇಲೆ, ಒದ್ದೆಯ ಗುರುತು ಇತ್ತು. ಘಟಕ ಚಿಕ್ಕದಾದರೆ ಹೆಚ್ಚಾದ ನೀರು ಸೀದಾ ಕೆಳಗಿನ ಕೆರೆಗೆ ಬೀಳುತ್ತದೆ.

ಶುಕ್ರವಾರ ಅವಳು ಒಳಚರಂಡಿ ಪೈಪಿನ ಗುಂಟ ಮೇಲಕ್ಕೆ ನಡೆದಳು. ಊರಾಚೆ ಒಂದು ಮ್ಯಾನ್‌ಹೋಲಿನ ಮುಚ್ಚಳ ಸರಿದಿತ್ತು. ಒಳಗಿನಿಂದ ನೀರೆತ್ತುವ ಮೋಟಾರಿನ ದಪ್ಪ ಪೈಪು ಆಳೆತ್ತರದ ಸೀಮೆಹುಲ್ಲಿನೊಳಗೆ ಹೋಗಿತ್ತು.

"ಬಗ್ಗಿ ನೋಡ್ಬ್ಯಾಡ ಕಣಮ್ಮ, ಬಿದ್ರೆ ಎತ್ತೋಕೆ ನನ್ ಕೈಲಾಗಲ್ಲ," ಎನ್ನುತ್ತ ಹೊಲದೊಡತಿ ಗಂಗಲಕ್ಷ್ಮಮ್ಮ ಹುಲ್ಲಿನ ಹೊರೆ ಇಳಿಸಿದರು.

"ಈ ಮೋಟ್ರು ಯಾವಾಗ ಹಾಕ್ತೀರಜ್ಜಿ?"

"ನಾನೆಲ್ಲಿ ಹಾಕ್ಲಿ? ಬೆಳಗಿನ ತ್ರೀ ಫೇಸ್ ಕರೆಂಟ್ ಬಂದೇಟ್ಗೆ ಅದೇ ಓಡ್ತದೆ. ಆಟೋ ಸ್ಟಾರ್ಟ್ರು. ಮೇಲ್ಗಡೆ ಹೊಲದೋರ್ದೂ ಅಂಗೇಯ."

ಲೋಹಿತಾ ಘಟಕದಲ್ಲಿ ನೀರು ಅಳೆಯುತ್ತಿದ್ದುದು ಸರಿಯಾಗಿ ಆ ಹೊತ್ತಿನಲ್ಲೇ.

"ನಾನು ನಗರಸಭೆಯವಳು, ನೀರು ಸರಿಯಾಗಿ ಅಳೀಬೇಕು. ನಾಳೆ ಒಂದ್ ಬೆಳಿಗ್ಗೆ ಎಲ್ರೂ ನಿಲ್ಲಿಸ್ತೀರಾ?"

"ನಿಲ್ಸಿದ್ಮೇಲೆ ಮುಚ್ಚಳ ಬಿಗಿಸ್ಬುಡ್ತೀಯ. ನನ್ ಹಸುಗೆ ಏನ್ ಹಾಕ್ಲಿ, ನಿನ್ ಕಾಗದಾನಾ?"

ಸುಳ್ಳು ಹೇಳಲು ಅವಳಿಗೆ ಬರಲಿಲ್ಲ. "ಒಂದಿನ ಮುಚ್ಚಲೇಬೇಕಾಗುತ್ತೆ ಅಜ್ಜಿ. ಶುದ್ಧ ಮಾಡಿದ ನೀರನ್ನ ಇಲ್ಲಿಗೆ ತರೋ ಪೈಪೂ ಯೋಜನೇಲಿ ಸೇರಿಸಿ ಅಂತ ಕೇಳ್ತೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ."

ಗಂಗಲಕ್ಷ್ಮಮ್ಮ ಅವಳ ಮುಖವನ್ನೇ ನೋಡಿದರು. "ಕೊಡುಸ್ತೀನಿ ಅಂದಿದ್ರೆ ನಂಬ್ತಿರ್ಲಿಲ್ಲ ಬುಡು," ಎಂದವರು, ನಾಳೆ ಮೋಟಾರು ನಿಲ್ಲಿಸಿ ಎಂದು ಮೇಲಿನ ಹೊಲದ ಕಡೆ ಕೂಗು ಹಾಕಿದರು.

ಶನಿವಾರ ಬೆಳಿಗ್ಗೆ ಕಾಲುವೆಯಲ್ಲಿ ನೀರು ಎಂದಿನಷ್ಟೇ ಇತ್ತು. ಯಾರೋ ಮೋಟಾರು ನಿಲ್ಲಿಸಿಲ್ಲ, ಅಥವಾ ತನ್ನ ಊಹೆಯೇ ತಪ್ಪು. ಹಾಗಿದ್ದರೆ ಸೋಮವಾರ ಏನು ಹೇಳುವುದು? ಅವಳು ಅಳತೆಕೋಲು ಹಿಡಿದು ಅಲ್ಲೇ ಕಾದಳು. ಬಹಳ ಹೊತ್ತಿನ ಮೇಲೆ, ಊರಿನ ಬೆಳಗಿನ ಬಳಕೆಯ ನೀರು ಅಷ್ಟು ದೂರ ಹರಿದು ಬಂದಾಗ, ನೀರಿನ ಸದ್ದು ಬದಲಾಯಿತು. ಮಟ್ಟ ನಿಧಾನವಾಗಿ ಏರಿ, ಗೋಡೆಯ ಗುರುತನ್ನು ಮುಟ್ಟಿ ನಿಂತಿತು. ಅವಳು ಅಳೆದಳು. ಮತ್ತೊಮ್ಮೆ ಅಳೆದಳು.

ಸಭೆಯಲ್ಲಿ ದೊಡ್ಡ ಘಟಕಕ್ಕೆ ಒಪ್ಪಿಗೆ ಸಿಕ್ಕಿತು. ಹೊಲಕ್ಕೆ ಶುದ್ಧ ನೀರು ತರುವ ಪೈಪಿನ ಮಾತು ಬಂದಾಗ ಪೌರಾಯುಕ್ತರು, "ಅದನ್ನ ಆಮೇಲೆ ನೋಡೋಣ," ಎಂದು ಎದ್ದರು.

ಸಂಜೆ ಅವಳೇ ಹೊಲಕ್ಕೆ ಹೋಗಿ ಅದನ್ನು ಹೇಳಿದಳು.

"ನೋಡೋಣ ಅಂದ್ರಾ?" ಗಂಗಲಕ್ಷ್ಮಮ್ಮ ಕುಡುಗೋಲು ಒರೆಸಿಕೊಂಡರು. "ಅಂಗಾರೆ ಅವ್ರು ನೋಡೋಗಂಟ ನೀನು ಕೇಳ್ತಾನೇ ಇರ್ಬೇಕು ಕಣಮ್ಮ."

ಲೋಹಿತಾ ತಲೆಯಾಡಿಸಿ ರಸ್ತೆಯವರೆಗೆ ಹೋದಳು. ಮತ್ತೆ ಹಿಂದಿರುಗಿ ಬಂದು, ಯಾರೂ ಬೀಳದಂತೆ ಮ್ಯಾನ್‌ಹೋಲಿನ ಮುಚ್ಚಳವನ್ನು ಪೈಪಿಗೆ ತಾಗುವವರೆಗೆ ಎಳೆದಳು.