ಬೊಳ್ಳಿಗೆ ಹೊಗೆಸೊಪ್ಪಿನ ಸ್ನಾನ

ವಾಮದಪದವಿನ ಸೇಸಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಿದ್ದರು. ಅದು ಅರ್ಧ ಸುಳ್ಳು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕೂತರೆ ಹೊತ್ತು ಮುಳುಗುವ ತನಕ ಅವಳ ಬಾಯಿಂದ ಒಂದು ಗಡುಸು ಮಾತು ಬರುತ್ತಿರಲಿಲ್ಲ. ಕಟ್ಟಿದ ಬೀಡಿ ಒಪ್ಪಿಸುವ ಕಂಪನಿಯ ಬ್ರಾಂಚಿನಲ್ಲಿ ಚೆಕ್ಕರ್ ಒಳ್ಳೆಯ ಬೀಡಿಗಳನ್ನೇ ಹಿಡಿದು ಮುರಿದು ಆಚೆ ಎಸೆದಾಗ ಉಳಿದ ಹೆಂಗಸರು ಶಾಪ ಹಾಕುತ್ತಿದ್ದರು, ಇವಳು ಸೆರಗು ಕೊಡವಿ ಎದ್ದು ಬರುತ್ತಿದ್ದಳು. ಆದರೆ ನಾಯಿಯ, ಬೆಕ್ಕಿನ ಬಾಯಿಗೆ ವಿಷ ಹೋಗುವ ಹಾಗೆ ಯಾರಾದರೂ ನಡೆದುಕೊಂಡರೆ ಮುಗಿಯಿತು. ಆಗ ಎದುರಿಗಿರುವುದು ಗಂಡನೋ ಬಾವನೋ ಎಂದು ಅವಳು ನೋಡುತ್ತಿರಲಿಲ್ಲ.

ಈ ಕಿಚ್ಚು ಅವಳ ತವರಾದ ಕನ್ಯಾನದಲ್ಲೇ ಹೊತ್ತಿಕೊಂಡದ್ದು. ಸೇಸಮ್ಮ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಅಟ್ಟದಲ್ಲಿ ಇಲಿಯ ಕಾಟ ಹೆಚ್ಚಿತ್ತು. ಮನೆಯವರು ಒಣ ಬಂಗುಡೆಯ ತಲೆಯನ್ನು ಕೆಂಡದಲ್ಲಿ ಸುಟ್ಟು, ಅದಕ್ಕೆ ಇಲಿ ಪಾಷಾಣ ಸವರಿ ಅಟ್ಟದಲ್ಲಿಟ್ಟರು. ಸುಟ್ಟ ಮೀನಿನ ವಾಸನೆಗೆ ಇಲಿಗಿಂತ ಮೊದಲು ಬರುವುದು ಯಾರೆಂದು ಆ ದೊಡ್ಡವರ ತಲೆಗೆ ಹೊಳೆಯಲಿಲ್ಲ. ಬಸುರಿ ಬೆಕ್ಕು ಅಂಗಳದಲ್ಲಿ ಬಿದ್ದು ಒದ್ದಾಡಿ ಸತ್ತಿತು. "ಬೆಕ್ಕಿಗೆಂತ ಬರಗಾಲವಾ, ಇನ್ನೊಂದು ಬರ್ತದೆ" ಎಂದು ಹೇಳಿ ಅವರು ಊಟಕ್ಕೆ ಕೂತರು. ಹುಡುಗಿ ಉಣ್ಣಲಿಲ್ಲ. ದೊಡ್ಡವರಿಗೆ ಎದುರು ಮಾತಾಡುವ ವಯಸ್ಸೂ ಅಲ್ಲ. ಆದರೆ ಅವರ ಆ ಮಾತನ್ನು ಅವಳು ಮರೆಯಲಿಲ್ಲ.

ಮದುವೆಯಾಗಿ ವಾಮದಪದವಿಗೆ ಬಂದ ಮೇಲೆ ತನ್ನ ಮನೆಯಲ್ಲಿ ಇಲಿ ಪಾಷಾಣ ಹೊಸ್ತಿಲು ದಾಟಲು ಅವಳು ಬಿಡಲಿಲ್ಲ. ಪಾಷಾಣದ ಬದಲು ಇಲಿ ಹಿಡಿಯುವ ಕತ್ತರಿ ಇಟ್ಟಳು. ಗಂಡ ಚನಿಯಪ್ಪ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಕೆಲಸದವನು. ಒಂದು ದಿನ ಅವನು ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡನ್ನು ಹಳೆಯ ಸೋಡಾ ಬಾಟಲಿಯಲ್ಲಿ ತಂದು ಒಲೆಯ ಬದಿಯಲ್ಲಿಟ್ಟ. ಸೇಸಮ್ಮ ಅದನ್ನು ಎತ್ತಿ ಕೊಟ್ಟಿಗೆಯ ಜಂತಿಗೆ ನೇತುಹಾಕಿ, "ಇನ್ನೊಮ್ಮೆ ಇದು ನೆಲದಲ್ಲಿ ಕಂಡರೆ ನಿಮಗೆ ಇದರಲ್ಲೇ ಸೋಡಾ ಮಾಡಿ ಕೊಡ್ತೇನೆ" ಎಂದಿದ್ದಳು. ಫಿನಾಯಿಲ್ ಹಾಕಿ ನೆಲ ಒರೆಸಿದ ದಿನ ನೆಲ ಒಣಗುವ ತನಕ ಬೆಕ್ಕನ್ನು ಹೊರಗೇ ಇಡುತ್ತಿದ್ದಳು. ಬೆಕ್ಕು ಕಾಲಿಗೆ ಹತ್ತಿದ್ದನ್ನೆಲ್ಲ ನೆಕ್ಕುತ್ತದೆ ಎಂದು ಯಾರೂ ಅವಳಿಗೆ ಕಲಿಸಿರಲಿಲ್ಲ. ಬೆಕ್ಕನ್ನು ನೋಡಿದವರಿಗೆ ಗೊತ್ತಾಗುವ ಸಂಗತಿ ಅದು. ಆದರೆ ನೋಡುವವರು ಎಷ್ಟು ಜನ?

ಅವಳ ನಾಯಿಯ ಹೆಸರು ಬೊಳ್ಳಿ. ಬಿಳಿ ಹೆಣ್ಣು ನಾಯಿ, ಒಂದು ಕಿವಿ ಮಾತ್ರ ಕಂದು. ಸಂಜೆ ಬೀಡಿ ಕೊಟ್ಟು ರಬ್ಬರ್ ತೋಟದ ನಡುವಿನ ಕಾಲುದಾರಿಯಲ್ಲಿ ಮನೆಗೆ ಮರಳುವಾಗ ಅವಳಿಗೆ ಜೊತೆ ಅದೊಂದೇ.

ತೊಂಬತ್ತೆಂಟನೆಯ ಇಸವಿಯ ಸೋಣ ತಿಂಗಳು, ಆಗಸ್ಟ್ ಮುಗಿಯುವ ಹೊತ್ತು. ಮಳೆ ಬಿಡುವು ಕೊಟ್ಟದ್ದೇ ತಡ ನಾಯಿಗಳಿಗೆ ಉಣ್ಣಿ ಹತ್ತಿತು. ಬೊಳ್ಳಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಣಸೆ ಬೀಜದ ಹಾಗೆ ಉಬ್ಬಿದ ಉಣ್ಣಿಗಳು. ಸೇಸಮ್ಮ ದಿನಾ ಮಧ್ಯಾಹ್ನ ಕೂತು ಒಂದೊಂದನ್ನೇ ಹೆಕ್ಕಿ ತೆಂಗಿನ ಗೆರಟೆಯಲ್ಲಿಟ್ಟ ಸಾಬೂನು ನೀರಿಗೆ ಹಾಕುತ್ತಿದ್ದಳು. ಅದನ್ನು ನೋಡಿ ನಕ್ಕವನು ಅವಳ ಬಾವ, ಚನಿಯಪ್ಪನ ಅಣ್ಣ ಸಂಕಪ್ಪ.

ಸಂಕಪ್ಪನಿಗೆ ಗೊತ್ತಿಲ್ಲದ ಮದ್ದಿಲ್ಲ. ಯಾರ ಮನೆಯ ಕರು ಭೇದಿ ಮಾಡಿದರೂ ಕರೆಯದೆ ಹೋಗಿ ನಿಲ್ಲುವ ಜನ. "ಹೆಕ್ಕಿ ಮುಗಿಯುವಾಗ ನಿನ್ನ ತಲೆ ಹಣ್ಣಾಗ್ತದೆ ಸೇಸಮ್ಮ. ಮನೆ ತುಂಬ ಹೊಗೆಸೊಪ್ಪು ಉಂಟಲ್ವಾ? ಅದರ ನೀರಲ್ಲಿ ಒಂದು ಸ್ನಾನ ಮಾಡಿಸು. ನನ್ನ ಅಪ್ಪ ಕೋಣಗಳಿಗೇ ಹಾಕ್ತಿದ್ರು" ಎಂದ.

"ಕೋಣ ಮೈ ನೆಕ್ಕುವುದು ಎಷ್ಟು, ನಾಯಿ ನೆಕ್ಕುವುದು ಎಷ್ಟು ಬಾವ? ನನ್ನ ನಾಯಿಯ ಸುದ್ದಿಗೆ ಬರಬೇಡಿ."

ಅಷ್ಟು ಹೇಳಿದರೂ ಸಂಕಪ್ಪ ಕೇಳಲಿಲ್ಲ. ಮರುದಿನ ಸಂಜೆ ಸೇಸಮ್ಮ ಬ್ರಾಂಚಿಗೆ ಹೊರಡುವಾಗ ಬೊಳ್ಳಿ ಕಾಣಲಿಲ್ಲ. ಎಲ್ಲೋ ಅಲೆಯುತ್ತಿರಬೇಕು ಎಂದು ಒಬ್ಬಳೇ ಹೋದಳು. ಮರಳಿ ಬಂದು ಅಂಗಳಕ್ಕೆ ಕಾಲಿಟ್ಟಾಗ ಬೊಳ್ಳಿ ಬಾವಿಕಟ್ಟೆಯ ಹತ್ತಿರ ನಿಂತಿತ್ತು. ನಿಂತಿತ್ತು ಎನ್ನುವ ಹಾಗಿರಲಿಲ್ಲ. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಬಾಯಿಂದ ನೊರೆ, ಮೈಯೆಲ್ಲ ಒದ್ದೆ, ಹೊಗೆಸೊಪ್ಪಿನ ಘಾಟು. ಪಕ್ಕದಲ್ಲಿ ಬೀಡಿ ಎಲೆ ನೆನೆಸುವ ಅವಳದೇ ಬೋಗುಣಿ, ಅದರ ತಳದಲ್ಲಿ ಕಪ್ಪು ನೀರು. ಸಂಕಪ್ಪ ಜಗಲಿಯಲ್ಲಿ ಕೂತು ಕೈ ಒರೆಸುತ್ತಿದ್ದ. ಚನಿಯಪ್ಪ ಕಂಬಕ್ಕೆ ಒರಗಿ ನಿಂತಿದ್ದ.

"ಸ್ವಲ್ಪ ಅಮಲು ಮಾರಾಯ್ತಿ. ಈಗ ಇಳಿಯುತ್ತದೆ" ಎಂದ ಸಂಕಪ್ಪ.

ಬಾಯಿಗಿಂತ ಮೊದಲು ಸೇಸಮ್ಮನ ಕೈ ಓಡಿತು. ಬಟ್ಟೆ ಒಗೆಯುವ ಸಾಬೂನು ತೆಗೆದು ನಾಯಿಯ ಮೈ ಉಜ್ಜಿ, ಕೊಡ ಕೊಡ ನೀರು ಸುರಿದಳು. ನೆಕ್ಕದ ಹಾಗೆ ಹಳೆಯ ಲುಂಗಿಯಲ್ಲಿ ಸುತ್ತಿದಳು. ಆಮೇಲೆ ಗಂಡನ ಕಡೆ ತಿರುಗಿ, "ನೀವು ಎಂತ ನೋಡ್ತಾ ನಿಂತದ್ದು?" ಎಂದು ಕೇಳಿದಳು.

"ಅಣ್ಣ ಅಲ್ವಾ… ಬೇಡ ಅಂತ ಹೇಗೆ ಹೇಳುವುದು?"

"ನಾಳೆ ಅಣ್ಣ ನನ್ನನ್ನು ಬಾವಿಗೆ ದೂಡಿದರೂ ಹೀಗೇ ಕಂಬ ಹಿಡ್ಕೊಂಡು ನಿಲ್ಲಿ. ಕಂಬ ಬೀಳುವುದು ಬೇಡ."

ರಸ್ತೆಯ ತಿರುವಿನಲ್ಲಿ ಹಸೈನಾರ್‌ನ ರಿಕ್ಷಾ ನಿಂತಿತ್ತು. ಸೇಸಮ್ಮ ನಾಯಿಯನ್ನು ಎದೆಗೆ ಅವಚಿಕೊಂಡು ಓಡಿ ಬರುವುದನ್ನು ನೋಡಿ ಅವನು ಒಂದು ಗಳಿಗೆ ಹಿಂದೆ ಮುಂದೆ ನೋಡಿದ. ನಾಯಿಯ ಜೊಲ್ಲು ತಾಗಿದ ಜಾಗವನ್ನು ಮಣ್ಣು ಹಾಕಿ ಮತ್ತೆ ಮತ್ತೆ ತೊಳೆಯಬೇಕೆಂಬುದು ಮುಸ್ಲಿಮರಾದ ಅವರ ಕ್ರಮ. ಅದು ಸೇಸಮ್ಮನಿಗೂ ಗೊತ್ತಿತ್ತು. ಅವಳು ರಿಕ್ಷಾದ ಬಳಿ ಬಂದು ನಿಂತಳು, ಹತ್ತಲಿಲ್ಲ.

"ಹತ್ತಿ ಸೇಸಕ್ಕ" ಎಂದ ಹಸೈನಾರ್, ಸೀಟಿನ ಮೇಲೆ ಗೋಣಿ ಹಾಸುತ್ತ. "ಹೊಳೆಯಲ್ಲಿ ನೀರುಂಟು, ದಂಡೆಯಲ್ಲಿ ಮಣ್ಣುಂಟು. ರಿಕ್ಷಾ ತೊಳೆಯಬಹುದು. ಜೀವ ಹೋದ್ರೆ ತೊಳೆದು ತರ್ಲಿಕ್ಕೆ ಆಗ್ತದಾ?"

ಪುಂಜಾಲಕಟ್ಟೆಯ ದನದ ಆಸ್ಪತ್ರೆಯ ಬಾಗಿಲು ಹಾಕುವ ಹೊತ್ತು. ಡಾಕ್ಟರು ಮೂಸಿ ನೋಡಿ, ಕಣ್ಣಿನ ರೆಪ್ಪೆ ಎತ್ತಿ, "ಹೊಗೆಸೊಪ್ಪಾ?" ಎಂದು ಕೇಳಿ ಸೂಜಿ ಹಾಕಿದರು. ಚರ್ಮದಿಂದಲೂ ಒಳಗೆ ಹೋಗಿದೆ, ನೆಕ್ಕಿ ಹೊಟ್ಟೆಗೂ ಹೋಗಿದೆ, ತಕ್ಷಣ ತೊಳೆದದ್ದರಿಂದ ಆಸೆ ಇಟ್ಟುಕೊಳ್ಳಬಹುದು ಎಂದರು. ಬೊಳ್ಳಿಗೆ ಸೆಳೆತ ಬಂದಾಗ ಸೇಸಮ್ಮ ಅದರ ತಲೆಯನ್ನು ಮಡಿಲಿನಲ್ಲಿ ಹಿಡಿದು ಕೂತಳು. ಆ ಮಡಿಲೂ ಹೊಗೆಸೊಪ್ಪಿನ ವಾಸನೆಯದೇ. ಅದು ಅವಳ ಅನ್ನದ ವಾಸನೆ. ಆವತ್ತು ಮಾತ್ರ ಅವಳಿಗೆ ಅದರಿಂದ ವಾಕರಿಕೆ ಬಂತು.

ಬೊಳ್ಳಿ ಬದುಕಿತು. ಕೆಲವು ದಿನ ಗಂಜಿ ಮುಟ್ಟದೆ ಮೂಲೆಯಲ್ಲಿ ಮಲಗಿದ್ದು ಆಮೇಲೆ ಎದ್ದು ಅಂಗಳಕ್ಕೆ ಬಂತು. ಅಲ್ಲಿಗೆ ಮುಗಿಯುತ್ತಿದ್ದರೆ ಸೇಸಮ್ಮನ ಕೋಪವೂ ಆರುತ್ತಿತ್ತೋ ಏನೋ. ಆದರೆ ಸಂಕಪ್ಪ ಅಂಗಡಿಕಟ್ಟೆಯಲ್ಲಿ ಕೂತು ಬೇರೆಯೇ ಕತೆ ಕಟ್ಟಿದ್ದ. "ನೋಡಿ, ಸೇಸಮ್ಮನ ನಾಯಿಯ ಮೈಯಲ್ಲಿ ಈಗ ಒಂದು ಉಣ್ಣಿ ಉಂಟಾ? ನನ್ನ ಮದ್ದು!" ಉಣ್ಣಿ ಉದುರಿದ್ದು ನಿಜವೇ. ನಾಯಿಯೂ ಉದುರುವುದರಲ್ಲಿತ್ತು ಎಂಬುದನ್ನು ಅವನು ಬಿಟ್ಟು ಹೇಳುತ್ತಿದ್ದ. ಬೀಡಿ ಕಟ್ಟುವ ಮನೆಗಳಲ್ಲಿ ಹೊಗೆಸೊಪ್ಪಿನ ಹುಡಿಗೇನು ಕೊರತೆ? ಪುಕ್ಕಟೆ ಮದ್ದು ಎಂದರೆ ಕೇಳುವ ಕಿವಿಗಳಿಗೂ ಕೊರತೆಯಿಲ್ಲ.

ಬ್ರಾಂಚಿನಲ್ಲಿ ಸಾಲಿನಲ್ಲಿ ಕೂತಿದ್ದಾಗ ನೀಲಾವತಿ ಎಂಬ ಹೆಂಗಸು, "ನಮ್ಮ ಪಕ್ಕದ ಸರಸನ ಮನೆಗೂ ಸಂಕಪ್ಪಣ್ಣ ಹೋಗಿದ್ದಾರೆ. ನಾಯಿಮರಿಗಳಿಗೆ ಸ್ನಾನ ಮಾಡಿಸ್ತಾರಂತೆ" ಎಂದಳು.

"ಯಾವಾಗ?"

"ಈಗ. ಎಂತ ಆಗ್ತದೆ ಮಾರಾಯ್ತಿ? ನಾವು ದಿನಾ ಹೊಗೆಸೊಪ್ಪಿನಲ್ಲೇ ಕೈ ಹಾಕಿ ಕೂರುವುದಲ್ವಾ? ನಾವು ಸತ್ತೆವಾ?"

"ನೀನು ಮೊದಲ ದಿನ ಗೆರಸೆ ಹಿಡಿದಾಗ ಎಂತ ಆಯ್ತು ನೀಲಾವತಿ? ಮೂರ್ಸಂಜೆ ತನಕ ಕಾರಿ ಕಾರಿ ತೆಂಗಿನ ಬುಡದಲ್ಲಿ ಬಿದ್ದುಕೊಂಡಿರಲಿಲ್ವಾ? ನೀನು ಇಷ್ಟು ದಪ್ಪ ಹೆಂಗಸು. ಆ ಮರಿಗಳು ನಿನ್ನ ಅಂಗೈಯಷ್ಟು ಇಲ್ಲ!"

ಬೀಡಿಯ ಕಟ್ಟುಗಳನ್ನು ಚೆಕ್ಕರ್‌ನ ಮುಂದೆಯೇ ಬಿಟ್ಟು ಸೇಸಮ್ಮ ಎದ್ದಳು. "ಲೆಕ್ಕ ಆಗಿಲ್ಲಮ್ಮ!" ಎಂದು ಅವನು ಕೂಗಿದ್ದು ಅವಳಿಗೆ ಕೇಳಲಿಲ್ಲ.

ಸರಸಳ ಅಂಗಳದಲ್ಲಿ ನಾಲ್ಕೈದು ಜನ ಸೇರಿದ್ದರು. ಸಂಕಪ್ಪ ಪಂಚೆ ಎತ್ತಿ ಕಟ್ಟಿ, ಕಪ್ಪು ನೀರಿನ ಬೋಗುಣಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಬಲಗೈ ಮೊಣಕೈ ತನಕ ನೀರಲ್ಲಿತ್ತು. ಎಡಗೈಯಲ್ಲಿ ಒಂದು ಮರಿ ಕುಂಯಿಗುಟ್ಟುತ್ತಿತ್ತು.

ಸೇಸಮ್ಮ ಮರಿಯನ್ನು ಕಿತ್ತುಕೊಂಡು ಸರಸಳ ಕೈಗೆ ಕೊಟ್ಟಳು.

"ಬಾವ, ಇದು ಮದ್ದು ತಾನೆ?"

"ಮದ್ದೇ. ನಿನ್ನ ನಾಯಿಯನ್ನೇ ಕೇಳು." ನಾಲ್ಕು ಜನ ನಕ್ಕರು.

"ಕೇಳಿದೆ. ಸೂಜಿ ಹಾಕಿಸಿಕೊಂಡು ಬಂದು ಹೇಳಿತು. ನಾಯಿಗೆ ಸ್ನಾನ ಅಂದ್ರೆ ಆಮೇಲೆ ಮೈ ನೆಕ್ಕುವುದು. ನೀವು ಕೈ ಅದ್ದಿದ್ದೀರಿ. ನೆಕ್ಕಿ."

"ಎಂತ ಹುಚ್ಚಾ ನಿನಗೆ?"

"ನಾನು ಹುಚ್ಚಿಯೇ. ನೀವು ವೈದ್ಯರು. ಬೆರಳಿನಿಂದ ಮೊಣಕೈ ತನಕ ನೆಕ್ಕಿ. ನೆಕ್ಕಿ ಎದ್ದು ನಿಂತರೆ ಈ ಮರಿಗಳನ್ನೆಲ್ಲ ನಾನೇ ಅದ್ದಿ ಕೊಡ್ತೇನೆ."

ಯಾರೂ ನಗಲಿಲ್ಲ. ಸಂಕಪ್ಪ ಕೈಯನ್ನು ನೀರಿನಿಂದ ಮೇಲೆತ್ತಿದ. ಕಪ್ಪು ಹನಿಗಳು ಮೊಣಕೈಯಿಂದ ತೊಟ್ಟಿಕ್ಕಿದವು. ಅಷ್ಟು ಜನರ ಕಣ್ಣು ಅವನ ಬಾಯಿಯ ಮೇಲಿತ್ತು. ಅವನು ಕೈಯನ್ನು ಬಾಯಿಗೆ ತರಲಿಲ್ಲ. ಪಂಚೆಗೆ ಒರೆಸಲೂ ಇಲ್ಲ. "ಹೆಂಗಸರ ಜೊತೆ ಎಂತ ಮಾತು" ಎಂದು ಗೊಣಗಿ ಎದ್ದು, ಆ ಕೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡೇ ಗೇಟು ದಾಟಿದ.

ಸೇಸಮ್ಮ ಅಂಗಳದ ಆಚೆ, ಬಾವಿಯಿಂದಲೂ ದನ ಮೇಯುವ ಜಾಗದಿಂದಲೂ ದೂರ ಗುಂಡಿ ತೋಡಿ ಬೋಗುಣಿಯ ಕಪ್ಪು ನೀರನ್ನು ಅದಕ್ಕೆ ಸುರಿದು ಮಣ್ಣು ಮುಚ್ಚಿದಳು.

"ಹಾಗಾದ್ರೆ ಉಣ್ಣಿಗೆ ಎಂತ ಮಾಡುವುದು ಸೇಸಕ್ಕ?" ಸರಸ ಮೆಲ್ಲಗೆ ಕೇಳಿದಳು.

"ಎಂತ ಮಾಡುವುದಾ? ಮೈ ಬಗ್ಗಿಸುವುದು! ಸಾಬೂನು ನೀರು ತಾ. ಒಂದೊಂದನ್ನೇ ಹೆಕ್ಕುವ. ಹೆಚ್ಚಾದ್ರೆ ಆಸ್ಪತ್ರೆಗೆ ಹೋಗುವ. ಸಾವಿರ ಬೀಡಿ ಕಟ್ಟಲಿಕ್ಕೆ ಪುರುಸೊತ್ತು ಉಂಟು, ನಾಲ್ಕು ಮರಿಗಳ ಕಿವಿ ನೋಡ್ಲಿಕ್ಕೆ ಇಲ್ವಾ? ನೋಡ್ತಾ ನಿಂತವರೂ ಕೂತುಕೊಳ್ಳಿ. ಕಣ್ಣು ಸರಿ ಉಂಟಲ್ಲ ನಿಮಗೆ?"

ಇಬ್ಬರು ಜಾರಿಕೊಂಡರು. ಉಳಿದವರು ಕೂತರು. ಸೇಸಮ್ಮ ಮೊದಲ ಮರಿಯ ಕಿವಿ ಮಗುಚಿ, ಉಣ್ಣಿಯನ್ನು ಉಗುರಿನ ತುದಿಯಲ್ಲಿ ಬುಡಸಮೇತ ಹಿಡಿದು ಎಳೆದಳು. ಬಾಯಿ ಬೈಯುತ್ತಲೇ ಇತ್ತು, ಬೆರಳು ಮಾತ್ರ ಮೆತ್ತಗೆ ಓಡುತ್ತಿತ್ತು.