ತೋಟದ ಬಾಗಿಲು ಮತ್ತು ಈನಿಡ್‌ಳ ತಮ್ಮ

ದೊಡ್ಡಮನೆ ಮಾರಾಟಕ್ಕಿದೆ ಎಂಬ ಸುದ್ದಿ ನಮ್ಮೂರು ಕ್ವೆರಿಂಗ್‌ಹ್ಯಾಮ್‌ನಲ್ಲಿ ಹಬ್ಬಿದಾಗ ಅದನ್ನು ಯಾರು ಕೊಳ್ಳಬಹುದು ಎಂಬುದೇ ಎಲ್ಲರ ಬಾಯಲ್ಲೂ. ಪಕ್ಕದ ಮನೆಯ ಈನಿಡ್ ಪಾಸ್ಕ್ ಮಾತ್ರ ಬೇಲಿಯಾಚೆಯಿಂದ ನನ್ನನ್ನು ಕರೆದು, "ರೂತ್, ತೋಟದ ಆ ಸಣ್ಣ ಬಾಗಿಲಿಗೆ ಬೀಗ ಹಾಕ್ಬಿಡ್ತಾರೇನೇ?" ಎಂದಳು.

ಅವಳ ಭಯ ಏನೆಂದು ನನಗೆ ಗೊತ್ತಿತ್ತು. ಅವಳ ತಮ್ಮ ವಿಲ್ಫ್‌ಗೆ ಕೂಸಾಗಿದ್ದಾಗ ಜ್ವರ ತಲೆಗೇರಿ, ಮೈ ಬೆಳೆದರೂ ಬುದ್ಧಿ ಮಗುವಿನದಾಗಿಯೇ ಉಳಿದಿತ್ತು. ಆಗ ಅವರ ತಾಯಿ ದೊಡ್ಡಮನೆಯಲ್ಲಿ ಅಡುಗೆಯವಳು. ಇಟ್ಟಿಗೆ ಗೋಡೆಯೊಳಗಿನ ತರಕಾರಿ ತೋಟದಲ್ಲಿ ಅವನನ್ನು ಕೂರಿಸಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ತಾಯಿ ತೀರಿಹೋದಳು, ಈನಿಡ್ ಅದೇ ಮನೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು, ವಿಲ್ಫ್‌ನ ತಲೆ ನೆರೆಯಿತು. ಆದರೂ ಮಧ್ಯಾಹ್ನ ಊಟವಾದೊಡನೆ ಓಣಿ ದಾಟಿ, ಸಣ್ಣ ಬಾಗಿಲು ತಳ್ಳಿ, ಪೇರ್ ಹಣ್ಣಿನ ಗಿಡಗಳ ಬುಡದಲ್ಲಿ ಕೂರುವುದನ್ನು ಅವನು ಬಿಡಲಿಲ್ಲ. ಒಡತಿ ಮಿಸೆಸ್ ಥೊರಾಲ್ಡ್ ಒಂದು ದಿನವೂ ಬೇಡ ಎಂದವರಲ್ಲ. ಒಮ್ಮೆ ಗೋಡೆ ರಿಪೇರಿಗೆಂದು ಬಾಗಿಲು ಮುಚ್ಚಿದ್ದಾಗ ಮಾತ್ರ ಅವನು ರಕ್ತ ಬರುವವರೆಗೂ ಹಣೆಯನ್ನು ಅದಕ್ಕೆ ಚಚ್ಚಿಕೊಂಡಿದ್ದ.

ಈಗ ಮಿಸೆಸ್ ಥೊರಾಲ್ಡ್‌ಗೂ ವಯಸ್ಸಾಗಿತ್ತು. ಸೋರುವ ಮಾಡು ಅವರ ಕೈಮೀರಿತ್ತು. ಸಮುದ್ರತೀರದ ತಂಗಿಯ ಮನೆಗೆ ಹೋಗುವುದೆಂದು ನಿರ್ಧರಿಸಿದ್ದರು.

ಈನಿಡ್‌ಗೆ ಅನ್ನಾಹಾರ ಸೇರದಾಯಿತು. ತಮ್ಮನಿಗೆ ಬೇರೆ ಜಾಗದ ರೂಢಿ ಮಾಡಿಸಲು ಚರ್ಚಿನ ಅಂಗಳಕ್ಕೆ, ಬಾತುಕೋಳಿಗಳ ಕೊಳಕ್ಕೆ ಕೈಹಿಡಿದು ಕರೆದೊಯ್ದಳು. ಅವನು ಸ್ವಲ್ಪ ಹೊತ್ತು ಕೂತು, "ಸಾಕು, ಹೋಗೋಣ" ಎಂದು ಎದ್ದು ನೇರ ತೋಟಕ್ಕೇ ನಡೆಯುತ್ತಿದ್ದ.

"ಸುಮ್ನೆ ಯಾಕೆ ಒದ್ದಾಡ್ತೀಯ? ಬರೋರು ಒಳ್ಳೆಯವ್ರೇ ಇರ್ಬೋದಲ್ಲ" ಎಂದೆ ನಾನು.

"ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೇ. ಆದ್ರೆ ರಾತ್ರಿ ಕಣ್ಣು ಮುಚ್ಚಿದ್ರೆ ನನಗೆ ಅವನ ಹಣೆನೇ ಕಾಣುತ್ತೆ."

ಜೂನ್‌ನಲ್ಲಿ ಲಂಡನ್ನಿನಿಂದ ಗಂಡಹೆಂಡತಿ ಮನೆ ನೋಡಲು ಬಂದರು. ಹಿಂದಿನ ದಿನವೇ ಮಾರಾಟದ ಏಜೆಂಟ್, "ನಿಮ್ಮ ತಮ್ಮನ್ನ ನಾಳೆ ಈ ಕಡೆ ಬಿಡ್ಬೇಡಿ, ದಯವಿಟ್ಟು" ಎಂದಿದ್ದ. ಈನಿಡ್ ವಿಲ್ಫ್‌ನನ್ನು ಮನೆಯೊಳಗೆ ಬಿಟ್ಟು, ಬೀಗ ಜಡಿದು ಕೆಲಸಕ್ಕೆ ಹೋದಳು. ಮಧ್ಯಾಹ್ನ ಮನಸ್ಸು ತಡೆಯದೆ ಓಡಿಬಂದರೆ ಅಡುಗೆಮನೆಯ ಕಿಟಕಿ ಹಾರುಹೊಡೆದಿತ್ತು, ಒಳಗೆ ಅವನಿಲ್ಲ.

ಮೊದಲು ಕೊಳದ ಕಡೆ ಓಡಿದಳು. ಅಲ್ಲಿಲ್ಲ. ಏದುಸಿರು ಬಿಡುತ್ತ ತೋಟದೊಳಗೆ ಬಂದಾಗ ಲಂಡನ್ನಿನ ದಂಪತಿ, ಏಜೆಂಟ್ ಮೂವರೂ ಪೇರ್ ಗಿಡಗಳ ಮುಂದೆ ನಿಂತಿದ್ದರು. ವಿಲ್ಫ್ ನೆಲದ ಮೇಲೆ ಕಾಲು ಚಾಚಿ ಕೂತಿದ್ದ.

"ಯಾರಿವರು?" ಎಂದು ಆ ಗಂಡಸು ಈನಿಡ್‌ಳನ್ನೇ ಕೇಳಿದ.

ಏಜೆಂಟ್ ಅವಳನ್ನು ದುರುಗುಟ್ಟಿ ನೋಡಿದ. "ಗೊತ್ತಿಲ್ಲ ಸರ್... ಊರಿನವರು ಯಾರೋ ಇರ್ಬೇಕು."

ವಿಲ್ಫ್ ತಲೆಯೆತ್ತಿ ನಕ್ಕ. "ಈನಿಡ್, ಟೀ ಆಯ್ತಾ?"

ಅವಳ ಮುಖಕ್ಕೆ ರಕ್ತ ನುಗ್ಗಿತು. "ನನ್ನ ತಮ್ಮ" ಎಂದಳು ಕೊನೆಗೆ. "ಸುಳ್ಳು ಹೇಳ್ದೆ ಸರ್. ದಿನಾ ಇಲ್ಲಿಗೆ ಬರ್ತಾನೆ. ಬಾಗಿಲು ಮುಚ್ಚಿದ್ರೆ ತಲೆ ಚಚ್ಕೋತಾನೆ. ನೀವು ತಗೊಂಡ್ರೆ ಅದೊಂದು ಬಾಗಿಲು ಮುಚ್ಚಬೇಡಿ."

"ನಾವಿನ್ನೂ ತಗೋತೀವಿ ಅಂತ ಹೇಳೇ ಇಲ್ವಲ್ಲಮ್ಮ" ಎಂದಳು ಹೆಂಗಸು ಮೆಲ್ಲಗೆ.

ಅವರು ಕೊಳ್ಳಲಿಲ್ಲ. ಮಾಡಿನ ದುರಸ್ತಿಯ ಖರ್ಚು ಕೇಳಿ ಹಿಂದೆ ಸರಿದರಂತೆ. ಏಜೆಂಟ್ ಮಾತ್ರ, "ನಿಮ್ಮಿಂದಾನೇ ಹೋಯ್ತು" ಎಂದು ಈನಿಡ್‌ಳನ್ನು ಚುಚ್ಚಿದ. ಸುಳ್ಳು ಹೇಳಿದ್ದನ್ನು ನೆನೆದು ಅವಳು ನನ್ನ ಮನೆಯಲ್ಲಿ ಕೂತು ಅತ್ತಳು.

ಶರತ್ಕಾಲದಲ್ಲಿ ಯಾವುದೋ ಕಂಪನಿ ಮನೆಯನ್ನು ಕೊಂಡಿತು. ಅವರು ಮಾಡಿದ ಮೊದಲ ಕೆಲಸವೇ ಆ ಬಾಗಿಲಿಗೆ ಬೀಗ ಹಾಕಿದ್ದು. ಅಂದು ಈನಿಡ್ ದಪ್ಪ ಶಾಲೊಂದನ್ನು ಮಡಚಿ ಹಿಡಿದು ತಮ್ಮನ ಹಿಂದೆ ನಡೆದಳು. ಹಣೆ ಚಚ್ಚತೊಡಗಿದರೆ ಬಾಗಿಲಿಗೂ ಹಣೆಗೂ ನಡುವೆ ಅದನ್ನು ಒಡ್ಡಬೇಕೆಂದಿದ್ದಳು. ನಾನೂ ಜೊತೆಗಿದ್ದೆ. ವಿಲ್ಫ್ ಬಾಗಿಲು ತಳ್ಳಿದ. ಮತ್ತೊಮ್ಮೆ ತಳ್ಳಿದ. ಈನಿಡ್ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ನೆಟ್ಟಿತು. ಅವನು ಬಾಗಿಲಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಓಣಿಯ ಹುಲ್ಲಿನ ಮೇಲೆ ಕೂತುಬಿಟ್ಟ.

ಅಂದಿನಿಂದ ಅವನ ಜಾಗ ಅದೇ. ಹೊಸಬರು ಈನಿಡ್‌ಳನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ, ಅವಳು ಶಾಲೆಯ ಅಡುಗೆಮನೆಗೆ ಸೇರಿದಳು. ಗೋಡೆಯ ಹೊರಮೈಗೆ ಬಿಸಿಲು ಬೀಳುವುದಿಲ್ಲ, ಓಣಿಯಲ್ಲಿ ಲಾರಿಗಳು ಬೇರೆ ಓಡಾಡುತ್ತವೆ. ಮಕ್ಕಳ ತಟ್ಟೆಗಳನ್ನು ಅರ್ಧ ತೊಳೆದು ಬಿಟ್ಟು, ಏಪ್ರನ್ ಕೂಡ ಬಿಚ್ಚದೆ, ಅವನು ಅಲ್ಲಿದ್ದಾನೋ ಇಲ್ಲವೋ ಎಂದು ಅವಳು ಇವತ್ತಿಗೂ ಓಡಿಬರುತ್ತಾಳೆ.