ಬಿ ಅಕ್ಷರದ ಸಾಲು

ನಾನು ಐದನೇ ಇಯತ್ತೆಯಲ್ಲಿದ್ದಾಗ ಭಾನುವಾರ ಅಂದರೆ ನಮಗೆ ರಜೆಯಲ್ಲ, ಹೊಲ. ದುಬಲಗುಂಡಿಯಲ್ಲಿ ನನ್ನ ವಾರಿಗೆಯ ಹೆಣ್ಣುಮಕ್ಕಳು ಬಹಳಷ್ಟು ಜನ ಹಾಗೇ ಬೆಳೆದವರು. ಶ್ರಾವಣದ ಜಿಟಿಜಿಟಿ ಮಳೆ ನಿಂತ ಕೂಡಲೇ ತೊಗರಿ ಹೊಲದಲ್ಲಿ ಕಳೆ ಏಳುತ್ತಿತ್ತು. ಸಣ್ಣದೊಂದು ಕುರ್ಪಿ ಹಿಡಿದು ಅವ್ವನ ಹಿಂದೆ ನಾನೂ ಕೂಲಿಗೆ ಹೋಗುತ್ತಿದ್ದೆ. ಕಪ್ಪು ಮಣ್ಣು ಕಾಲಿಗೆ ಮೆತ್ತಿ ಮೆತ್ತಿ ಭಾರವಾಗುವುದು, ಕಿತ್ತ ಹುಲ್ಲಿನ ಹಸಿ ವಾಸನೆ, ಮಧ್ಯಾಹ್ನ ಬದುವಿನ ಮೇಲೆ ಕೂತು ಜೋಳದ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದ ಪುಂಡಿಪಲ್ಲೆ, ಜೊತೆಗೆ ಕಡಿದುಕೊಂಡ ಹಸಿ ಉಳ್ಳಾಗಡ್ಡಿ. ನೀವೂ ಹಾಗೆ ತಿಂದವರಾಗಿದ್ದರೆ ಈಗ ನಿಮ್ಮ ಬಾಯಲ್ಲಿ ನೀರು ಬಂದಿರಬೇಕು.

ಕಳೆ ತೆಗೆಯುವುದಕ್ಕೆ ಒಂದು ಪದ್ಧತಿ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಎಲ್ಲರೂ ಸಮನಾಗಿ ಕೂತು ಮುಂದೆ ಮುಂದೆ ಸರಿಯಬೇಕು. ಯಾರಾದರೂ ಹಿಂದೆ ಬಿದ್ದರೆ ಪಕ್ಕದವರು ತಮ್ಮ ಸಾಲಿನ ಜೊತೆ ಅವಳ ಸಾಲಿನಲ್ಲೂ ಒಂದಿಷ್ಟು ಕಳೆ ಕಿತ್ತು ಅವಳನ್ನು ಸಮಕ್ಕೆ ತರುತ್ತಿದ್ದರು. ಅದಕ್ಕೆ ಸಾಲು ಕೂಡಿಸುವುದು ಅನ್ನುತ್ತಿದ್ದರು. ಮಾಡಲಾ ಅಂತ ಮೊದಲು ಕೇಳುವುದೂ ಇಲ್ಲ, ಮಾಡಿದೆ ಅಂತ ಆಮೇಲೆ ಹೇಳುವುದೂ ಇಲ್ಲ. ಹಿಂದೆ ಬಿದ್ದವಳು ತಲೆ ಎತ್ತಿದರೆ ಮುಂದಿನ ನೆಲ ಸ್ವಚ್ಛ ಆಗಿರುತ್ತಿತ್ತು. ನಾನು ಸಣ್ಣವಳು, ಯಾವಾಗಲೂ ಹಿಂದೆ ಬೀಳುವವಳು ನಾನೇ.

ಆ ವರ್ಷ ನಮ್ಮ ಶಾಲೆಗೆ ಹೊಸ ಇಂಗ್ಲಿಷ್ ಸರ್ ಬಂದರು. ಘಾಟಬೋರಾಳದವರು. ಅವರಿಗೊಂದು ಹುಚ್ಚು. ವಾರಕ್ಕೊಂದು ಇಂಗ್ಲಿಷ್ ಅಕ್ಷರ ಹಿಡಿದು, ಅದರಿಂದ ಶುರುವಾಗುವ ನಾಮಪದಗಳನ್ನೂ ಅವುಗಳ ಕನ್ನಡ ಅರ್ಥವನ್ನೂ ಕಲಿಸುತ್ತಿದ್ದರು. ಆ ಹುಚ್ಚು ನನಗೂ ಹತ್ತಿತು. ಆದರೆ ಕೂತು ಓದಿದರೆ ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೊಲದಲ್ಲಿ ಬಾಯಿಪಾಠ ಮಾಡುತ್ತಿದ್ದಾಗ ನನ್ನ ಪಕ್ಕದ ಸಾಲಿನ ಕಾಶಿಬಾಯಿ ಮಾವಶಿ, ತನಗೂ ಒಂದು ಶಬ್ದ ಕೊಡು ಅಂದಳು. ಬಿ ಅಕ್ಷರದ ವಾರ ಅದು. ‘ಬರ್ಡನ್’ ಕೊಟ್ಟೆ. ಹೊರೆ ಅಂತ ಅರ್ಥ ಹೇಳಿದೆ.

"ದಿನಾ ಹೊತ್ತಿದ್ದು ಸಾಲ್ದಂತ ಇಂಗ್ಲೀಷಿನ್ಯಾಗೂ ನನಗ ಹೊರಿನೇ ಬಂತೇನ?" ಅಂದಳು. ಆದರೆ ಬಿಟ್ಟುಕೊಡಲಿಲ್ಲ, ಅದು ಅವಳದೇ ಆಯಿತು.

ಆಮೇಲೆ ಎಲ್ಲರಿಗೂ ಬೇಕಾಯಿತು. ರತ್ನಮ್ಮ ಕಾಕಿಗೆ ‘ಬ್ರೂಮ್’, ಕಸಬರಿಗೆ. ಅವ್ವನಿಗೆ ‘ಬ್ರೆತ್’, ಉಸಿರು. ನಾನು "ಬಿ" ಅಂತ ಕೂಗಿದರೆ ಸಾಕು, ಸಾಲಿನ ಆ ತುದಿಯಿಂದ ಶಬ್ದಗಳು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಓಡುತ್ತಾ ಬರುತ್ತಿದ್ದವು. ಬಾಸ್ಕೆಟ್ ಬುಟ್ಟಿ, ಬೋನ್ ಎಲುಬು, ಬ್ಯಾಂಗಲ್ ಬಳಿ, ಬಟರ್ ಬೆಣ್ಣಿ. ಒಂದು ದಿನ ಹೊಲದ ಸಾವಕಾರರು ಬದುವಿನ ಮೇಲೆ ನಿಂತು, ಇದೇನು ಹೊಲದಾಗ ಸಾಲಿ ತೆರೆದೀರಿ ಅಂತ ಕೇಳಿದರು.

"ನಿಮಗೂ ಒಂದು ಬೇಕೇನ್ರಿ ಸಾವಕಾರ್ರ? ಬೆಗ್ಗರ್ ಒಂದು ಉಳದದ ನೋಡ್ರಿ," ಅಂದಳು ಕಾಶಿಬಾಯಿ ಮಾವಶಿ.

ಅವರಿಗೆ ಅರ್ಥವಾಗಲಿಲ್ಲ. ಅರ್ಥ ಗೊತ್ತಿದ್ದ ನಾವೆಲ್ಲ ತೊಗರಿಯೊಳಗೆ ತಲೆ ಬಗ್ಗಿಸಿ ನಕ್ಕೆವು. ಅಷ್ಟು ಖುಷಿಯ ಮಳೆಗಾಲ ಮತ್ತೆ ನನಗೆ ಬರಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಾಗ ಸರ್ ಒಂದು ಸುದ್ದಿ ತಂದರು. ಬಸವಕಲ್ಯಾಣದ ಒಂದು ದೊಡ್ಡ ಶಾಲೆಯಲ್ಲಿ ಶಬ್ದಗಳ ಸ್ಪರ್ಧೆ ಇದೆ. ಚೀಟಿ ಎತ್ತಬೇಕು, ಬಂದ ಅಕ್ಷರದ ನಾಮಪದಗಳನ್ನು ಅರ್ಥದ ಜೊತೆ ನಿಲ್ಲದೆ ಹೇಳಬೇಕು. ಗೆದ್ದವರನ್ನು ಆರನೇ ಇಯತ್ತೆಯಿಂದ ಅಲ್ಲೇ ಹಾಸ್ಟೆಲಿನಲ್ಲಿ ಇಟ್ಟುಕೊಂಡು ಓದಿಸುತ್ತಾರೆ. ಅವ್ವ ಅವತ್ತು ರಾತ್ರಿ ಊಟ ಮಾಡಲೇ ಇಲ್ಲ, ಹೊಟ್ಟೆ ತುಂಬಿದೆ ಅಂದಳು.

ಸ್ಪರ್ಧೆಯ ದಿನ ಅವ್ವ, ಕಾಶಿಬಾಯಿ ಮಾವಶಿ, ರತ್ನಮ್ಮ ಕಾಕಿ ಮೂವರೂ ಕೆಲಸ ಬಿಟ್ಟು ಹಬ್ಬದ ಸೀರೆ ಉಟ್ಟು ಸರ್ ಮತ್ತು ನನ್ನ ಜೊತೆ ಹೊರಟರು. ಹುಮನಾಬಾದಿನಲ್ಲಿ ಬಸ್ ಬದಲಿಸುವಾಗ ಕಂಪನಿಗಳ ಕಡೆಯಿಂದ ಔಷಧದ ಘಾಟು ಬಂತು. ಮೂಗು ಮುಚ್ಚಿಕೊಂಡೇ ಮಾವಶಿ ನನ್ನಿಂದ ಶಬ್ದ ಹೇಳಿಸಿದಳು.

ಹಾಲಿನಲ್ಲಿ ಕುರ್ಚಿಗಳು ಖಾಲಿ ಇದ್ದರೂ ಮೂವರೂ ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನನ್ನ ಸರದಿ ಬಂತು. ಚೀಟಿ ಎತ್ತಿದೆ. ಬಿ!

ಕಣ್ಣು ಮುಚ್ಚಿ ನಮ್ಮ ಹೊಲ ನೆನೆಸಿಕೊಂಡೆ. ಆ ತುದಿಯಿಂದ ಒಬ್ಬೊಬ್ಬರ ಮುಖ ನೋಡುತ್ತಾ ಹೇಳುತ್ತಾ ಬಂದೆ. ಎಲ್ಲೂ ತಡೆಯಲಿಲ್ಲ. ಸ್ಪರ್ಧೆ ನಡೆಸುತ್ತಿದ್ದ ಮೇಡಂ ಒಂದೊಂದು ಶಬ್ದಕ್ಕೂ ಗೀಟು ಹಾಕುತ್ತಿದ್ದದ್ದು ಅವರ ಬಳೆ ಸದ್ದಿನಿಂದ ಗೊತ್ತಾಗಿ, ಧೈರ್ಯ ಬಂದು ಕಣ್ಣು ತೆರೆದೆ. ಎದುರಿಗೆ, ದೂರದಲ್ಲಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಕಾಶಿಬಾಯಿ ಮಾವಶಿ ಕಂಡಳು. ಹೊಲ ಮಾಯವಾಯಿತು. ಮುಂದಿನ ಶಬ್ದ ಬರಲಿಲ್ಲ. ಮೇಡಂ ಗಡಿಯಾರ ನೋಡಿಕೊಂಡರು.

"ಬರ್ಡನ್, ಹೊರಿ."

ಮಾವಶಿಯ ದನಿ. ಅವಳ ಹಿಂದೆಯೇ ರತ್ನಮ್ಮ ಕಾಕಿ, "ಬ್ರೂಮ್, ಕಸಬರಿಗಿ." ಅವಳ ಹಿಂದೆ ಅವ್ವ, "ಬ್ರೆತ್, ಉಸರು." ಹೊಲದಲ್ಲಿ ಹೇಗೋ ಹಾಗೇ, ಒಂದಾದ ಮೇಲೆ ಒಂದು.

ಹಾಲಿಗೆ ಹಾಲೇ ನಕ್ಕಿತು. ಯಾರದು, ಹೇಳಿಕೊಡುವ ಹಾಗಿಲ್ಲ ಅಂತ ಗೊತ್ತಿಲ್ಲವೇ ಅಂತ ಮೇಡಂ ಕೇಳಿದರು. ಅವ್ವ ಎದ್ದು ನಿಂತಳು. ಕಳೆ ಕಿತ್ತು ಕಿತ್ತು ಹಸಿರುಗಪ್ಪಾಗಿದ್ದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಹುಡುಗಿ ತಪ್ಪಿಲ್ಲರಿ ಬಾಯಾರ. ಆಕಿ ಹಿಂದ ಬಿದ್ಳು, ನಾವು ಸಾಲು ಕೂಡಿಸಿದಿವ್ರಿ, ಅಷ್ಟ."

ಮತ್ತೆ ನಗು, ಮೊದಲಿಗಿಂತ ಜೋರಾಗಿ. ನನ್ನ ಹೆಸರು ತೆಗೆದುಹಾಕಿದರು. ವೇದಿಕೆಯಿಂದ ಇಳಿದು ಬರುವಾಗ ನನ್ನ ಕಿವಿ ಸುಡುತ್ತಿತ್ತು. ಶಾಲೆ ಹೋಯಿತು ಅನ್ನುವುದಕ್ಕಿಂತ ಆ ನಗುವಿನ ನಡುವೆ ಹಾದು ಅವರ ಹತ್ತಿರ ಹೋಗಬೇಕಲ್ಲ ಅನ್ನುವುದೇ ನನಗೆ ದೊಡ್ಡದಾಗಿತ್ತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ, ಆದರೆ ಈಗ ಅದು ಬೇರೆ ಕಾರಣಕ್ಕೆ. ಹೊರಗೆ ಸರ್ ಬಹಳ ಮೆತ್ತಗೆ, ನಿಮ್ಮನ್ನು ಕರೆದುಕೊಂಡು ಬರಬಾರದಿತ್ತು ಅಂತ ಅವ್ವನಿಗೆ ಹೇಳಿದರು. ಅವ್ವ ಹೌದ್ರಿ ಅಂದಳು.

ಬಸ್ಸಿನಲ್ಲಿ ಮಾವಶಿ ಕಾಗದದಲ್ಲಿ ಕಟ್ಟಿಸಿಕೊಂಡ ಚುರುಮುರಿ ನನ್ನ ಮಡಿಲಲ್ಲಿಟ್ಟು ಮುಖ ಕಿಟಕಿಗೆ ತಿರುಗಿಸಿಕೊಂಡಳು.

ಮುಂದಿನ ಭಾನುವಾರ ಹೊಲಕ್ಕೆ ಹೋದೆವು. ಎಲ್ಲ ಮೊದಲಿನಂತೆ ಆಗಲಿ ಅಂತ ನಾನೇ "ಬಿ" ಅಂದೆ. ಯಾರೂ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಎಂದಿನಂತೆ ಹಿಂದೆ ಬಿದ್ದೆ. ಮಾವಶಿ ನನ್ನ ಸಾಲಿನ ಕಡೆ ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಮಾಡ್ಲೇನವ್ವ?" ಅಂತ ಕೇಳಿದಳು.

ನಮ್ಮ ಹೊಲದಲ್ಲಿ ಆ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಈಗ ಕಳೆ ಸಾಯಲಿ ಅಂತ ಎಣ್ಣೆ, ಅಂದರೆ ಕಳೆನಾಶಕ, ಹೊಡೆಯುತ್ತಾರೆ. ಒಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದರೆ ಮಧ್ಯಾಹ್ನದೊಳಗೆ ಹೊಲ ಮುಗಿಯುತ್ತದೆ, ಅವನ ಪಕ್ಕದಲ್ಲಿ ಯಾರೂ ಇರುವುದಿಲ್ಲ. ನಾನು ಮೊಬೈಲ್ ನೋಡಿ ನೋಡಿ ನನ್ನಷ್ಟಕ್ಕೆ ನಾನೇ ಇಂಗ್ಲಿಷ್ ಕಲಿತೆ. ಸಂಜೆ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಸರ್ ಕಲಿಸಿದ ಹಾಗೆಯೇ ಅಕ್ಷರ ಹಿಡಿದು ಶಬ್ದ ಹೇಳಿಸುತ್ತೇನೆ. ಅವ್ವ ಬಾಗಿಲೊಳಗೆ ಕೂತು ಅಕ್ಕಿ ಆರಿಸುತ್ತಾಳೆ. ಹೊರಗೆ ಬಂದು ಕೂಡು ಅಂದರೆ, ನಿಮ್ಮದು ನಡೀಲಿ ಅನ್ನುತ್ತಾಳೆ. ಮೊನ್ನೆ ಒಂದು ಹುಡುಗಿ ಬಿ ಅಕ್ಷರದಲ್ಲಿ ನಡುವೆ ನಿಂತುಬಿಟ್ಟಳು. ನಾನು ಬಾಗಿಲ ಕಡೆ ನೋಡಿದೆ. ಅವ್ವನ ತುಟಿ ಆ ಶಬ್ದದ ಆಕಾರಕ್ಕೆ ಬಂದಿತ್ತು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಬಾಯಿ ಮುಚ್ಚಿಕೊಂಡು ಮೊರದ ಕಡೆ ಬಾಗಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ.